ಕಿಲುಬು ಹತ್ತಿದ ಕಲ್ಲು: ಯೂಕಾನ್ ಸೀಮೆಯ ತಾಮ್ರದ ವೃತ್ತಾಂತ

ಕಳೆದ ತಿಂಗಳು ಒಂದು ಸಾಯಂಕಾಲ ನಮ್ಮ ಕಾರ್ಯಾಲಯಕ್ಕೆ ಒಬ್ಬ ತರುಣನು ಬಂದಿದ್ದನು. ದುರ್ಗದ ಕಡೆಯವನು. ಮಾಟುಂಗದ ಒಂದು ಹೊಟೇಲಿನಲ್ಲಿ ಎಂಟು ವರ್ಷಗಳಿಂದ ದುಡಿಯುತ್ತಿದ್ದಾನೆ. ಮೇಜು ಒರೆಸುವುದರಿಂದ ಆರಂಭಿಸಿ ಈಗ ದೋಸೆಯ ಕಾವಲಿಯ ಮುಂದೆ ನಿಲ್ಲುವಷ್ಟು ಮೇಲೆ ಬಂದಿದ್ದಾನೆ. ಜೇಬಿನಿಂದ ಕಾಗದದಲ್ಲಿ ಸುತ್ತಿದ ಕಲ್ಲೊಂದನ್ನು ತೆಗೆದು ನಮ್ಮ ಮುಂದಿಟ್ಟು, "ಧಣಿ, ಇದು ತಾಮ್ರ ಹೌದೋ ಅಲ್ಲವೋ, ನೀವು ನೋಡಿ ಹೇಳಬೇಕು" ಎಂದನು. ಊರಿನಲ್ಲಿರುವ ಅಣ್ಣನು ಕಳುಹಿಸಿದ ಕಲ್ಲು. ಗುಡ್ಡದ ಬುಡದ ಎರಡೆಕರೆ ಬರಡು ಭೂಮಿ ಮಾರಾಟಕ್ಕಿದೆಯೆಂದೂ, ಅದರ ಅಡಿಯಲ್ಲಿ ತಾಮ್ರ ತುಂಬಿದೆಯೆಂದೂ, ನಾಲ್ಕು ಪಾಲು ಬೆಲೆ ತೆತ್ತರೂ ನಷ್ಟವಿಲ್ಲವೆಂದೂ ದಲ್ಲಾಳಿಯೊಬ್ಬನು ಅಣ್ಣನ ಕಿವಿಯಲ್ಲಿ ಊದಿದ್ದಾನೆ. ಮುಂಗಡಕ್ಕೆ ಬೇಕಾದುದು ತಮ್ಮನ ಎಂಟು ವರ್ಷಗಳ ಉಳಿತಾಯ.

ಕಲ್ಲನ್ನು ನಾವು ತಿರುಗಿಸಿ ನೋಡಿದೆವು. ಕಂದುಬಣ್ಣದ ಕಲ್ಲು, ಒಂದು ಮಗ್ಗುಲಿಗೆ ಎಳೆಹಸುರಿನ ಲೇಪ. ಭೂಗರ್ಭಶಾಸ್ತ್ರವನ್ನು ನಾವು ಕಾಲೇಜಿನಲ್ಲಿ ಕಲಿತವರಲ್ಲ. ಆದರೆ ಹದಿನೈದು ವರ್ಷ ಹೊಟೇಲಿನ ಅಡುಗೆಮನೆಯಲ್ಲಿ ತಾಮ್ರದ ಹಂಡೆ ಕೊಪ್ಪರಿಗೆಗಳ ನಡುವೆ ಬಾಳಿದ ನಮಗೆ ಆ ಹಸುರು ಅಪರಿಚಿತವಲ್ಲ. ಕಲಾಯಿ ಹಾರಿದ ಪಾತ್ರೆಯನ್ನು ನಾಲ್ಕು ದಿನ ತೇವದಲ್ಲಿ ಬಿಟ್ಟರೆ ಹತ್ತುವ ಕಿಲುಬಿನ ಬಂಧುವೇ ಅದು. ನೆಲದೊಳಗಿನ ತಾಮ್ರದ ಅದಿರಿಗೆ ಮಳೆನೀರೂ ಗಾಳಿಯೂ ತಗಲಿದಾಗಲೂ ಅಂಥದೇ ಹಸುರು ಹುಟ್ಟುತ್ತದೆ; ಶಾಸ್ತ್ರಜ್ಞರು ಅದನ್ನು ಮ್ಯಾಲಕೈಟು ಎನ್ನುತ್ತಾರೆ. ಆದುದರಿಂದ "ತಾಮ್ರ ಹೌದೋ ಅಲ್ಲವೋ" ಎಂಬ ಪ್ರಶ್ನೆಗೆ "ಹೌದಾಗಿರಬಹುದು" ಎಂದು ಉತ್ತರ ಕೊಡಲು ನಮಗೆ ಕಷ್ಟವಾಗಲಿಲ್ಲ. ಹುಡುಗನ ಮುಖ ಅರಳಿತು. ಆದರೆ ಅವನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ತಾಮ್ರವಿದ್ದ ಮಾತ್ರಕ್ಕೆ ಅದು ಗಣಿಯಾಗುವುದೇ? ಈ ಪ್ರಶ್ನೆಗೆ ಉತ್ತರವಾಗಿ ನಾವು ಅವನಿಗೆ ಕೆನಡ ದೇಶದ ವಾಯವ್ಯ ಮೂಲೆಯ ಒಂದು ಊರಿನ ಕಥೆಯನ್ನು ಹೇಳಿದೆವು. ಇಂಥ ಪತ್ರಗಳು ಊರಿನಿಂದ ಬರುವುದು ಅವನೊಬ್ಬನಿಗೇ ಅಲ್ಲವಾದುದರಿಂದ ಅದನ್ನು ವಾಚಕರೆಲ್ಲರ ಮುಂದೆ ಇಡುತ್ತಿದ್ದೇವೆ.

ಯೂಕಾನ್ ಎಂಬುದು ಅಲಾಸ್ಕಕ್ಕೆ ತಾಗಿಕೊಂಡಿರುವ ಮಹಾಶೀತಲ ಸೀಮೆ. ಅಲ್ಲಿ ಅದೇ ಹೆಸರಿನ ನದಿಯ ದಂಡೆಯ ಮೇಲೆ ವೈಟ್‌ಹಾರ್ಸ್ ಎಂಬ ಪಟ್ಟಣವಿದೆ. 'ಬಿಳಿಯ ಕುದುರೆ' ಎಂದು ಅದರ ಅರ್ಥ. ನದಿಯು ಕಲ್ಲಿನ ಇಕ್ಕಟ್ಟಿನೊಳಗೆ ನುಗ್ಗಿ ನೊರೆಯೆಬ್ಬಿಸಿ ಹರಿಯುತ್ತಿದ್ದಾಗ ಆ ನೊರೆಯು ಬಿಳಿಯ ಕುದುರೆಗಳ ಕೇಸರದಂತೆ ಕಾಣುತ್ತಿದ್ದುದರಿಂದ ಈ ಹೆಸರು ಬಂದಿತಂತೆ. ಬಿಳಿಯರು ಬರುವುದಕ್ಕೆ ಬಹುಕಾಲ ಮೊದಲಿನಿಂದ ಅದು ಕ್ವಾನ್ಲಿನ್ ದುನ್ ಮತ್ತು ತಾನ್ ಕ್ವಾಚಾನ್ ಎಂಬ ಮೂಲನಿವಾಸಿಗಳ ನೆಲ. 1896ರಲ್ಲಿ ಅಲ್ಲಿಂದ ಬಹುದೂರ ಕೆಳಗೆ ಕ್ಲಾಂಡೈಕ್ ಎಂಬಲ್ಲಿ ಬಂಗಾರ ಸಿಕ್ಕಿತು. ಮುಂದಿನ ಎರಡು ವರ್ಷ ಲೋಕದ ಮೂಲೆಮೂಲೆಗಳಿಂದ ಗುಮಾಸ್ತರು, ಅಂಗಡಿಕಾರರು, ಕ್ಷೌರಿಕರು, ಪಾದ್ರಿಗಳು, ಕೈಯಲ್ಲಿ ಸಲಿಕೆ ಹಿಡಿದು ಅರಿಯದವರೆಲ್ಲರೂ ಬೆನ್ನ ಮೇಲೆ ಮೂಟೆ ಹೊತ್ತು ಹಿಮದ ಕಣಿವೆಗಳನ್ನು ಏರಿ, ಮರ ಕಡಿದು ದೋಣಿ ಕಟ್ಟಿ, ಈ ನದಿಯ ಮೇಲೆ ತೇಲಿಹೋದರು. ವೈಟ್‌ಹಾರ್ಸಿನ ಇಕ್ಕಟ್ಟಿನಲ್ಲಿ ದೋಣಿ ಒಡೆಯುವ ಭಯವಿದ್ದುದರಿಂದ ಎಲ್ಲರೂ ಅಲ್ಲಿ ಇಳಿದು ತಂಗುವುದು ಅನಿವಾರ್ಯವಾಗಿತ್ತು.

ಹಾಗೆ ಬಂದವರಲ್ಲಿ ಎಲ್ಲರಿಗೂ ಕಣ್ಣು ಬಂಗಾರದ ಮೇಲೆಯೇ. ಆದರೆ ಜ್ಯಾಕ್ ಮೆಕಿಂಟೈರ್ ಎಂಬವನು ಪಟ್ಟಣದ ಪಡುವಣ ಗುಡ್ಡಗಳಲ್ಲಿ ಹಸುರು ಹತ್ತಿದ ಬಂಡೆಯನ್ನು ಕಂಡನು. 1898ರ ಜುಲೈ 6ರಂದು ಅಲ್ಲಿ ಗೂಟ ನೆಟ್ಟು 'ಕಾಪರ್ ಕಿಂಗ್' ಎಂದು ಹೆಸರಿಟ್ಟನು. ಆ ಸೀಮೆಯ ಕಾನೂನು ಬಲು ಸರಳವಾಗಿದ್ದಿತು. ಯಾರೇ ಆಗಲಿ, ಸರ್ಕಾರದ ಚೀಟಿ ಕೊಂಡು, ಸಾವಿರದೈನೂರು ಅಡಿ ಉದ್ದ, ಅಷ್ಟೇ ಅಗಲದ ನೆಲವನ್ನು ಗೂಟ ನೆಟ್ಟು ಗುರುತಿಸಿ, ಕಚೇರಿಯಲ್ಲಿ ಬರೆಯಿಸಿದರೆ ಅದರೊಳಗಿನ ಲೋಹದ ಹಕ್ಕು ಅವನದು. ಸುದ್ದಿ ಹಬ್ಬಿದೊಡನೆ ಗೂಟಗಳ ಸುಗ್ಗಿಯೇ ಆರಂಭವಾಯಿತು. ಎರಡು ವರ್ಷಗಳೊಳಗೆ ಸುಮಾರು ಇಪ್ಪತ್ತು ಮೈಲು ಉದ್ದಕ್ಕೆ, ಬಿಲ್ಲಿನಂತೆ ಬಾಗಿದ ಒಂದು ಪಟ್ಟಿಯಲ್ಲಿ, ಒಂದರ ಬಳಿ ಒಂದಾಗಿ ಹಕ್ಕುಗಳು ದಾಖಲಾದವು. ಆ ಹೆಸರುಗಳನ್ನು ಓದುವುದೇ ಒಂದು ವಿನೋದ. ಒಬ್ಬನು 'ಬೆಸ್ಟ್ ಚಾನ್ಸ್' ಎಂದಿಟ್ಟನು. ಇನ್ನೊಬ್ಬನು ಶುಭವಾಗಲೆಂದು 'ಮೊಲದ ಪಾದ' ಎಂದಿಟ್ಟನು. 'ಅನಕೊಂಡ', 'ವಾರ್ ಈಗಲ್' ಎಂಬಿವು ಆಗಲೇ ಬೇರೆ ಕಡೆ ಹೆಸರಾಗಿದ್ದ ದೊಡ್ಡ ಗಣಿಗಳ ನಾಮಧೇಯಗಳು. ನಾಲ್ಕು ಮೇಜಿನ ಚಹದಂಗಡಿಗೆ 'ಗ್ರ್ಯಾಂಡ್' ಎಂದು ಫಲಕ ಬರೆಯಿಸುವ ನಮ್ಮವರನ್ನು ಕಂಡು ನಗುವವರು ಇದನ್ನು ಗಮನಿಸಬೇಕು. ನಾವೂ ಒಮ್ಮೆ ಹಾಗೆ ಬರೆಯಿಸಿದವರೇ.

ಇನ್ನು ಅಲ್ಲಿ ತಾಮ್ರ ಬಂದುದಾದರೂ ಹೇಗೆ? ಇದನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು.

ಸುಮಾರು ಇಪ್ಪತ್ತೊಂದು ಕೋಟಿ ವರ್ಷಗಳ ಹಿಂದೆ ಆ ಭಾಗದಲ್ಲಿ ಸಮುದ್ರವಿತ್ತು. ಹವಳ, ಚಿಪ್ಪು ಮೊದಲಾದ ಜಲಜೀವಿಗಳ ಶರೀರಗಳು ಕೂಡಿ ಕೂಡಿ ಸುಣ್ಣದ ಕಲ್ಲಾಯಿತು. ಬಳಿಕ, ಸುಮಾರು ಹನ್ನೊಂದು ಕೋಟಿ ವರ್ಷಗಳ ಹಿಂದೆ, ಭೂಮಿಯ ಆಳದಿಂದ ಕರಗಿದ ಬಂಡೆಯ ಒಂದು ದೊಡ್ಡ ರಾಶಿಯು ಮೇಲಕ್ಕೆ ಒತ್ತಿಕೊಂಡು ಬಂದು ಈ ಸುಣ್ಣಕಲ್ಲಿನ ಪಕ್ಕದಲ್ಲಿ ನಿಂತಿತು. ಹೊರಗೆ ಚಿಮ್ಮಲಿಲ್ಲ, ಒಳಗೇ ನಿಧಾನವಾಗಿ ಆರಿ ಗ್ರಾನೈಟಿನ ಜಾತಿಯ ಗಟ್ಟಿ ಶಿಲೆಯಾಯಿತು. ಆರುವಾಗ ಅದರೊಳಗಿನ ಬಿಸಿನೀರು ಹೊರಗೆ ಹೊರಟಿತು. ಬರಿಯ ನೀರಲ್ಲ, ಹುಳಿಗುಣವುಳ್ಳ, ಕಬ್ಬಿಣ, ತಾಮ್ರ, ಮರಳಿನ ಸತ್ವ, ಗಂಧಕ ಎಲ್ಲವನ್ನೂ ಕರಗಿಸಿಕೊಂಡ ಕುದಿಯುವ ಕಷಾಯ. ಅದು ಸುಣ್ಣಕಲ್ಲಿಗೆ ತಗಲಿತು.

ಸುಣ್ಣಕ್ಕೆ ಬೇರೊಂದು ತಗಲಿದರೆ ಏನಾಗುವುದೆಂಬುದು ತಾಂಬೂಲ ಹಾಕುವವರಿಗೆ ಹೇಳಿಕೊಡಬೇಕಾಗಿಲ್ಲ. ಬಿಳಿಯ ಸುಣ್ಣ, ಹಸುರು ಎಲೆ, ಕಂದು ಅಡಿಕೆ. ಮೂರರಲ್ಲಿ ಒಂದೂ ಕೆಂಪಲ್ಲ, ಕೂಡಿದಾಗ ಬಾಯಿ ಕೆಂಪಾಗುತ್ತದೆ. ಇಲ್ಲಿಯೂ ಅಂತೆಯೇ. ಸುಣ್ಣಕಲ್ಲಿನಲ್ಲಿ ಸೆರೆಯಾಗಿದ್ದ ಇಂಗಾಲಾಮ್ಲ ವಾಯುವು ಹೊರಟುಹೋಗಿ, ಅದರ ಜಾಗಕ್ಕೆ ಕಷಾಯದಲ್ಲಿದ್ದ ಮರಳಿನ ಸತ್ವವೂ ಕಬ್ಬಿಣವೂ ಬಂದು ಕೂಡಿ, ಸುಣ್ಣಕಲ್ಲೂ ಅಲ್ಲದ, ಗ್ರಾನೈಟೂ ಅಲ್ಲದ ಒಂದು ಮೂರನೆಯ ಕಲ್ಲು ಹುಟ್ಟಿತು. ಕೆಂಗಂದು ಬಣ್ಣದ ಗಾರ್ನೆಟ್ ಹರಳುಗಳೂ ಹಸುರು ಹರಳುಗಳೂ ತುಂಬಿದ, ಸುತ್ತಿಗೆಗೆ ಸುಲಭವಾಗಿ ಮಣಿಯದ ಭಾರವಾದ ಕಲ್ಲು. ನವರತ್ನದ ಉಂಗುರದಲ್ಲಿ ನಮ್ಮವರು ಇಡಿಸುವ ಗೋಮೇಧಿಕವು ಇದೇ ಗಾರ್ನೆಟ್ ಕುಲದ್ದು; ಅದರಲ್ಲಿಯೂ ಸುಣ್ಣದ ಅಂಶವಿದೆ. ಹುಳಿಯಾದ ಕಷಾಯವು ಸುಣ್ಣದಿಂದ ತನ್ನ ಹುಳಿಯನ್ನು ಕಳೆದುಕೊಂಡು, ತಣ್ಣಗಾಗುತ್ತ ಬಂದಂತೆ, ಅದುವರೆಗೆ ಹೊತ್ತು ತಂದ ತಾಮ್ರವನ್ನು ಇನ್ನು ಹೊರಲಾರದೆ ಅಲ್ಲಿಯೇ ಇಳಿಸಿಬಿಟ್ಟಿತು. ತಾಮ್ರವು ಗಂಧಕದೊಡನೆ ಕೂಡಿ ಎರಡು ರೂಪ ತಾಳಿತು: ಹಿತ್ತಾಳೆಯಂತೆ ಹೊಳೆಯುವ ಚಾಲ್ಕೊಪೈರೈಟು ಒಂದು; ನವಿಲುಗರಿಯ ಬಣ್ಣಕ್ಕೆ ತಿರುಗುವ ಬೋರ್ನೈಟು ಇನ್ನೊಂದು. ಮೊದಲನೆಯದರಲ್ಲಿ ನೂರಕ್ಕೆ ಮೂವತ್ತೈದರಷ್ಟೂ ಎರಡನೆಯದರಲ್ಲಿ ನೂರಕ್ಕೆ ಅರವತ್ತಮೂರರಷ್ಟೂ ತಾಮ್ರವಿರುತ್ತದೆ.

ಇಂಥ ಕಲ್ಲಿಗೆ 'ಸ್ಕಾರ್ನ್' ಎಂದು ಹೆಸರು. ಸ್ವೀಡನ್ ದೇಶದ ಹಳೆಯ ಗಣಿಗಾರರ ಮಾತು. ಅದಿರಿನೊಡನೆ ಬಂದು ಬೀಳುವ ಕೆಲಸಕ್ಕೆ ಬಾರದ ಕಲ್ಲನ್ನು, ಎಂದರೆ ಕಸವನ್ನು, ಅವರು ಹಾಗೆ ಕರೆಯುತ್ತಿದ್ದರು. 1875ರಲ್ಲಿ ಟೋರ್ನೆಬೋಮ್ ಎಂಬ ಭೂಶಾಸ್ತ್ರಜ್ಞನು ಅಲ್ಲಿನ ಪೆರ್ಶ್‌ಬೆರ್ಗ್ ಕಬ್ಬಿಣದ ಗಣಿಗಳ ವಿಷಯ ಬರೆಯುವಾಗ ಈ ಮಾತನ್ನು ಗ್ರಂಥಕ್ಕೆ ತಂದನು. ಕಸದ ಹೆಸರು ಶಾಸ್ತ್ರದ ಹೆಸರಾಯಿತು.

ದುರ್ಗದ ಹುಡುಗನು ಇಲ್ಲಿ ನಡುವೆ ಬಾಯಿಹಾಕಿ, "ಹಾಗಾದರೆ ನಮ್ಮ ಇಂಗಳದಾಳದ್ದೂ ಇದೇ ಏನು?" ಎಂದನು. ಅಲ್ಲ. ಇಂಗಳದಾಳದಲ್ಲಿ ತಾಮ್ರದ ಗಣಿ ನಡೆದು ನಿಂತುದು ನಿಜ. ಆದರೆ ಅಲ್ಲಿನ ತಾಮ್ರವು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಲಾವಾ ಕಲ್ಲುಗಳ ನಡುವಿನದು. ಹುಟ್ಟಿದ ಬಗೆಯೇ ಬೇರೆ. ಹಸುರು ಒಂದೇ ಆದರೂ ಮನೆತನ ಬೇರೆ. ಹೀಗಿರುವುದರಿಂದ ಒಂದು ಗುಡ್ಡದ ಅನುಭವವನ್ನು ಇನ್ನೊಂದು ಗುಡ್ಡಕ್ಕೆ ಹಾಗೆಯೇ ಹಚ್ಚಲಾಗದು.

ಸ್ಕಾರ್ನ್ ಕಲ್ಲಿನ ತಾಮ್ರಕ್ಕೆ ಒಂದು ಸ್ವಭಾವವಿದೆ. ಅದೇ ವೈಟ್‌ಹಾರ್ಸಿನವರ ಹಣೆಬರಹವನ್ನು ಬರೆದುದು. ಅದು ಹಾಸಿನಂತೆ ಹರಡಿಕೊಂಡು ಬರುವುದಿಲ್ಲ. ಹಲಸಿನ ಮರದ ಕಾಂಡಕ್ಕೆ ಕಾಯಿಗಳು ಅಲ್ಲಲ್ಲಿ ಕಚ್ಚಿಕೊಂಡಂತೆ, ಗ್ರಾನೈಟು ಸುಣ್ಣಕಲ್ಲುಗಳ ಸಂಧಿಯ ಉದ್ದಕ್ಕೂ ಒಂದಿಲ್ಲಿ ಒಂದಲ್ಲಿ ಗಂಟುಗಂಟಾಗಿ ಕುಳಿತಿರುತ್ತದೆ. ಒಂದು ಮಣಭಾರದ ಹಣ್ಣು, ಅದರ ಮಗ್ಗುಲಲ್ಲಿ ಕೈಯಗಲದ ಒಣಮಿಡಿ. ಹೊರಗಿನಿಂದ ಎರಡಕ್ಕೂ ಹಸುರು ಒಂದೇ. ಮೂವತ್ತರಷ್ಟು ಕಡೆ ತಾಮ್ರ ಕಂಡಿತು. ಅವುಗಳಲ್ಲಿ ಹೇಳಿಕೊಳ್ಳುವಂಥ ಗಣಿಯಾದವು ಬೆರಳೆಣಿಕೆಯವು ಮಾತ್ರ.

ಕಾಪರ್ ಕಿಂಗಿನಿಂದ 1900ರಲ್ಲಿ ಮೊದಲ ಅದಿರು ಹೊರಟಿತು. ಕೆಲವೇ ಟನ್ನುಗಳು, ಕೈಯಿಂದ ಆಯ್ದು ಚೀಲಕ್ಕೆ ತುಂಬಿದ್ದು. ಅದರಲ್ಲಿ ನೂರಕ್ಕೆ ನಲವತ್ತಕ್ಕೂ ಮೀರಿದ ತಾಮ್ರವಿತ್ತೆಂದರೆ ಇಂದಿನ ಗಣಿಗಾರರು ನಂಬಲಾರರು. ಇಂದು ನೂರಕ್ಕೆ ಒಂದು ಸಿಕ್ಕರೂ ಕೊಪ್ಪರಿಗೆ ಕಂಡವರಂತೆ ಹಿಗ್ಗುತ್ತಾರೆ. ಅಂಥ ಕಲ್ಲನ್ನು ಕಂಡವನಿಗೆ ತಲೆ ತಿರುಗದಿರುವುದು ಹೇಗೆ? ಆದರೆ ಆಯ್ದ ಚೀಲವೇ ಗುಡ್ಡವಲ್ಲ. ಗಿರಾಕಿಯ ಮುಂದೆ ಇಡುವ ಮೊದಲ ತಟ್ಟೆಯನ್ನು ನೋಡಿ ಇಡೀ ಅಡುಗೆಮನೆಯನ್ನು ಅಳೆಯಬಾರದೆಂದು ನಮ್ಮ ಕಸುಬಿನವರಿಗೆ ಗೊತ್ತಿದೆ. ಚೀಲದ ಹೊರಗೆ ಉಳಿದ ಕಲ್ಲಿನಲ್ಲಿ ನೂರಕ್ಕೆ ಮೂರೋ ನಾಲ್ಕೋ ಪಾಲು ತಾಮ್ರ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡಬೇಕು. ವೈಟ್‌ಹಾರ್ಸಿನಲ್ಲಿ ಕುಲುಮೆಯಿಲ್ಲ. ಅದಿರನ್ನು ಗುಡ್ಡದಿಂದ ಪಟ್ಟಣಕ್ಕೆ ಕುದುರೆಗಾಡಿಯಲ್ಲಿ, ಪಟ್ಟಣದಿಂದ 110 ಮೈಲು ರೈಲಿನಲ್ಲಿ ಸ್ಕ್ಯಾಗ್‌ವೇ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಸಾವಿರ ಮೈಲು ತೆಂಕಣಕ್ಕೆ ಸಾಗಿಸಬೇಕು. ರೈಲು ಬಂದುದೂ 1900ರಲ್ಲಿಯೇ. ಅದಕ್ಕೆ ಮೊದಲು ಆ ದಾರಿಯೂ ಇರಲಿಲ್ಲ. ನೂರಕ್ಕೆ ನಾಲ್ಕು ಪಾಲಿನ ಅದಿರೆಂದರೆ ಟನ್ನಿಗೆ ನಲವತ್ತು ಕಿಲೋ ತಾಮ್ರ. ಉಳಿದ ಒಂಬೈನೂರ ಅರವತ್ತು ಕಿಲೋ ಬರಿಯ ಕಲ್ಲು. ಆ ಕಲ್ಲಿಗೂ ರೈಲ್ವೆಯವರು ಬಾಡಿಗೆ ಕೇಳುತ್ತಾರೆ, ಹಡಗಿನವರೂ ಕೇಳುತ್ತಾರೆ. ಊರಿನ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಮುಂಬಯಿಗೆ ತರಿಸಿದವನ ಗತಿ. ಗುಡ್ಡದಲ್ಲಿ ತಾಮ್ರವು ಸತ್ಯವಾಗಿ ಇದ್ದಿತು. ಗೂಟ ನೆಟ್ಟವನು ಸುಳ್ಳುಗಾರನಲ್ಲ. ಆದರೂ ಅವನ ಕೈಗೆ ಕಾಸು ಹತ್ತಲಿಲ್ಲ. ಅವನ ಭಾಗ್ಯವನ್ನು ಅಳೆಯುವ ತಕ್ಕಡಿ ಅವನ ಗುಡ್ಡದಲ್ಲಿರದೆ ಬಾಡಿಗೆಯ ಪಟ್ಟಿಯಲ್ಲಿಯೂ ನ್ಯೂಯಾರ್ಕಿನ ಪೇಟೆಯಲ್ಲಿಯೂ ಇದ್ದಿತು.

'ವಾರ್ ಈಗಲ್' ಹಕ್ಕಿಗೆ 1899ರಲ್ಲಿ ಗೂಟ ನೆಟ್ಟವನು ಸ್ಯಾಮ್ ಮೆಗೀ ಎಂಬವನು. ಅವನ ಕಥೆಯನ್ನು ನಮ್ಮ ಗುಮಾಸ್ತ ಮಿತ್ರರು ವಿಶೇಷವಾಗಿ ಕೇಳಬೇಕು. ಆಂಟೇರಿಯೋ ಪ್ರಾಂತದಿಂದ ಬಂದ ಮೆಗೀ ತಾಮ್ರದ ಹಕ್ಕಿನೊಡನೆ ರಸ್ತೆ ಕೆಲಸವನ್ನೂ ಮಾಡಿಕೊಂಡು ವೈಟ್‌ಹಾರ್ಸಿನಲ್ಲಿದ್ದನು. ಅವನ ಬ್ಯಾಂಕಿನ ಲೆಕ್ಕವಿದ್ದ ಶಾಖೆಗೆ 1904ರಲ್ಲಿ ರಾಬರ್ಟ್ ಸರ್ವಿಸ್ ಎಂಬ ಒಬ್ಬ ಗುಮಾಸ್ತನು ವರ್ಗವಾಗಿ ಬಂದನು. ಹಗಲು ಲೆಜರು, ರಾತ್ರಿ ಪದ್ಯರಚನೆ. ಉತ್ತರದ ಚಳಿಯಲ್ಲಿ ಸತ್ತ ಒಬ್ಬ ಗಣಿಗಾರನನ್ನು ಅವನ ಗೆಳೆಯನು ದಹನ ಮಾಡುವ ವಿಚಿತ್ರ ಪದ್ಯವೊಂದನ್ನು ಬರೆದಾಗ ಪ್ರಾಸಕ್ಕೆ ಹೊಂದುವ ಹೆಸರೊಂದು ಅವನಿಗೆ ಬೇಕಾಗಿತ್ತು. ಲೆಜರಿನಲ್ಲಿ ಕಂಡ ಸ್ಯಾಮ್ ಮೆಗೀ ಎಂಬ ಹೆಸರನ್ನು ಎತ್ತಿ ಅದಕ್ಕಿಟ್ಟನು. 1907ರಲ್ಲಿ ಪುಸ್ತಕ ಅಚ್ಚಾಯಿತು. ಇಂಗ್ಲಿಷು ಬಲ್ಲ ನಾಡುಗಳಲ್ಲೆಲ್ಲ ಮನೆಮಾತಾಯಿತು. ಗುಮಾಸ್ತನು 1909ರಲ್ಲಿ ನೌಕರಿಗೆ ರಾಜೀನಾಮೆ ಕೊಟ್ಟು ಬರಹದಿಂದಲೇ ಸುಖವಾಗಿ ಬದುಕಿದನು. ಜೀವಂತನಾಗಿದ್ದ ಮೆಗೀಗೆ ಮಾತ್ರ ಹೋದಲ್ಲೆಲ್ಲ "ಇನ್ನೂ ಸುಟ್ಟು ಹೋಗಲಿಲ್ಲವೇ?" ಎಂಬ ಪರಿಹಾಸ್ಯ ತಪ್ಪಲಿಲ್ಲ. ವೃದ್ಧಾಪ್ಯದಲ್ಲಿ ಯೂಕಾನಿಗೆ ಮತ್ತೊಮ್ಮೆ ಹೋದಾಗ ಅವನದೇ ಚಿತಾಭಸ್ಮವೆಂದು ಹೇಳಿ ಬೂದಿಯ ಡಬ್ಬಿಯನ್ನು ಅವನಿಗೇ ಮಾರಲು ಬಂದರೆಂದೂ ಹೇಳುವುದುಂಟು. ಅವನು 1940ರಲ್ಲಿ ಅಲ್ಬರ್ಟಾ ಪ್ರಾಂತದಲ್ಲಿ ತೀರಿಕೊಂಡನು. ವೈಟ್‌ಹಾರ್ಸಿನಲ್ಲಿ ಅವನು ಕಟ್ಟಿಕೊಂಡಿದ್ದ ಮರದ ಮನೆಯನ್ನು ಅಲ್ಲಿನ ವಸ್ತುಸಂಗ್ರಹಾಲಯದವರು ಕಾಪಾಡಿಕೊಂಡಿದ್ದಾರೆ.

1906ರಲ್ಲಿ ತಾಮ್ರದ ಬೆಲೆ ಏರತೊಡಗಿತು. ವಿದ್ಯುಚ್ಛಕ್ತಿಯೂ ಟೆಲಿಫೋನೂ ಊರೂರಿಗೆ ಹರಡುತ್ತಿದ್ದ ಕಾಲ. ತಂತಿಗೆ ತಾಮ್ರ ಬೇಕು. 1907ರ ಮೊದಲ ಭಾಗದಲ್ಲಿ ಪೌಂಡಿಗೆ ಇಪ್ಪತ್ತೈದು ಸೆಂಟಿನ ಆಸುಪಾಸಿಗೆ ಹೋಯಿತು. ಮಲಗಿದ್ದ ಹಕ್ಕುಗಳೆಲ್ಲ ಎದ್ದು ಕುಳಿತವು, ಬಂಡವಾಳದವರು ಬಂದರು. ಅದೇ ವರ್ಷ ಕೆನಡ ಸರ್ಕಾರದ ಭೂಶೋಧನ ಇಲಾಖೆಯ ಆರ್. ಜಿ. ಮೆಕಾನಲ್ ಅವರು ಬಂದು ಪಟ್ಟಿಯನ್ನು ಪರೀಕ್ಷಿಸಿದರು. ಈ ಮನುಷ್ಯನು ಗೂಟದವರ ಹಿಗ್ಗಿಗೂ ಕಂಪೆನಿಯವರ ಬಣ್ಣನೆಗೂ ಕಿವಿಗೊಡದೆ, ಬಂಡೆಯಿಂದ ಬಂಡೆಗೆ ನಡೆದು, ಗ್ರಾನೈಟು ಎಲ್ಲಿ ಮುಗಿಯುವುದು, ಸುಣ್ಣಕಲ್ಲು ಎಲ್ಲಿ ಮೊದಲಾಗುವುದು, ಅದಿರು ಆ ಗೆರೆಯನ್ನು ಎಲ್ಲಿ ಹಿಡಿದುಕೊಂಡಿದೆ ಎಂದು ನಕ್ಷೆ ಬರೆದರು. 1909ರಲ್ಲಿ ಅವರ ವರದಿ ಪ್ರಕಟವಾಯಿತು. ಅಷ್ಟರೊಳಗೆ ಕಥೆ ತಿರುಗಿತ್ತು. 1907ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಒಂದು ತಾಮ್ರದ ಕಂಪೆನಿಯ ಷೇರುಗಳನ್ನು ಕೆಲವರು ಒಟ್ಟಾಗಿ ಹಿಡಿದಿಡಲು ಹೋಗಿ ಮುಗ್ಗರಿಸಿದರು. ಅದರಿಂದ ಬ್ಯಾಂಕುಗಳ ಬಾಗಿಲಲ್ಲಿ ಗದ್ದಲವೆದ್ದಿತು. ತಾಮ್ರದ ಬೆಲೆ ಹದಿಮೂರು ಸೆಂಟಿನ ಸುಮಾರಿಗೆ ಇಳಿಯಿತು. ವೈಟ್‌ಹಾರ್ಸಿನ ಗುಡ್ಡದಲ್ಲಿ ಒಂದು ಕಲ್ಲೂ ಬದಲಾಗಿರಲಿಲ್ಲ. ಮೆಕಾನಲ್ಲರ ನಕ್ಷೆಯಲ್ಲಿ ಒಂದು ಗೆರೆಯೂ ತಪ್ಪಾಗಿರಲಿಲ್ಲ. ಆದರೂ ಕೂಲಿಗಳು ಮೂಟೆ ಕಟ್ಟಿದರು.

ಮತ್ತೆ ಬೆಲೆ ಚೇತರಿಸಿ, ಗಣಿಗಳ ತನಕ ರೈಲಿನ ಕವಲು ಹಾಕಿದ ಮೇಲೆ ಒಂದು ಗಣಿ ಮಾತ್ರ ನಿಜವಾಗಿ ನಡೆಯಿತು: ಪ್ವೆಬ್ಲೊ. ಮಹಾಯುದ್ಧವು ತಾಮ್ರವನ್ನು ತೋಪಿನ ಗುಂಡುಗಳಿಗಾಗಿ ನುಂಗುತ್ತಿದ್ದ ವರ್ಷಗಳಲ್ಲಿ ಈ ಪಟ್ಟಿಯಿಂದ ಹೊರಟ ಅದಿರಿನ ಬಹುಭಾಗ ಅದೊಂದರದೇ. ಅಲ್ಲಿ 1917ರ ಮಾರ್ಚಿ 21ರಂದು ಒಳಗೆ ಕೆಲಸ ನಡೆಯುತ್ತಿದ್ದಾಗ ಮೇಲಿನ ನೆಲ ಕುಸಿಯಿತು. ಒಂಬತ್ತು ಜನ ಒಳಗೆ ಸಿಕ್ಕಿಬಿದ್ದರು. ಹೊರಗಿನವರು ಹಗಲಿರುಳು ತೋಡಿ ಸುಮಾರು ಮೂರು ದಿನಗಳ ಬಳಿಕ ಮೂವರನ್ನು ಜೀವಂತವಾಗಿ ಎತ್ತಿದರು. ಉಳಿದ ಆರು ಮಂದಿಯ ಸಮಾಧಿ ಆ ಗಣಿಯೇ ಆಯಿತು. ಮನೆ ಬಿಟ್ಟು ಸಾವಿರಾರು ಮೈಲು ದೂರ ಸಂಬಳಕ್ಕಾಗಿ ಬಂದವರು. ಹಕ್ಕಿನ ಗೂಟವಾಗಲಿ ಷೇರಿನ ಕಾಗದವಾಗಲಿ ಅವರ ಹೆಸರಿನಲ್ಲಿ ಇದ್ದಿರಲಾರದು. ಅವರ ವಿಷಯ ಓದಿದಾಗ ನಮಗೆ ನಮ್ಮ ಅಡುಗೆಮನೆಗಳ ಹಿಂದಿನ ಗಾಳಿಯಿಲ್ಲದ ಅಟ್ಟಗಳಲ್ಲಿ ಮಲಗುವ ಹುಡುಗರ ನೆನಪಾಯಿತೆಂದು ಹೇಳಿದರೆ ಹೊಟೇಲು ಧಣಿಗಳಾದ ಮಿತ್ರರು ನಮ್ಮ ಮೇಲೆ ಮುನಿಯಬಾರದು. ಯುದ್ಧ ಮುಗಿಯಿತು, ಬೆಲೆ ಬಿದ್ದಿತು, 1920ರ ಹೊತ್ತಿಗೆ ಪಟ್ಟಿಯೆಲ್ಲ ನಿಶ್ಶಬ್ದವಾಯಿತು.

ಮುಂದಿನ ನಾಲ್ವತ್ತು ವರ್ಷಗಳ ವಿಷಯ ಹೆಚ್ಚು ಹೇಳುವುದಕ್ಕಿಲ್ಲ. 1942ರಲ್ಲಿ ಅಮೆರಿಕದ ಸೈನ್ಯವು ಅಲಾಸ್ಕಕ್ಕೆ ಹೆದ್ದಾರಿಯನ್ನು ಆ ಪಟ್ಟಣದ ಮೂಲಕ ಹಾಯಿಸಿತು. 1953ರಲ್ಲಿ ವೈಟ್‌ಹಾರ್ಸ್ ಯೂಕಾನಿನ ರಾಜಧಾನಿಯಾಯಿತು. ಗುಡ್ಡದ ಹಳೆಯ ಹೊಂಡಗಳಲ್ಲಿ ನೀರು ನಿಂತಿತು.

ಎರಡನೆಯ ಜನ್ಮ ಬಂದುದು ಒಂದು ಸೂಜಿಯಿಂದ. ಸ್ಕಾರ್ನ್ ಕಲ್ಲಿನಲ್ಲಿ ಕೆಲವು ಕಡೆ ತಾಮ್ರದ ಜತೆಗೆ ಅಯಸ್ಕಾಂತದ ಕಲ್ಲೂ ಇರುತ್ತದೆಂದು ವಾಚಕರು ತಿಳಿಯಬೇಕು. ಕಷಾಯದೊಳಗಿನ ಕಬ್ಬಿಣದ ರೂಪವದು. ಹಿಮಯುಗದ ಹಿಮನದಿಗಳು ಬಿಟ್ಟುಹೋದ ಮಣ್ಣೂ ಜಲ್ಲಿಯೂ ಆ ಬಂಡೆಗಳ ಮೇಲೆ ಹೊದಿಕೆಯಂತೆ ಬಿದ್ದಿವೆ. 1898ರವರು ಹೊದಿಕೆಯ ಹರಕಿನಲ್ಲಿ ಇಣುಕಿದ ಹಸುರನ್ನು ಮಾತ್ರ ಕಂಡಿದ್ದರು. ಅಯಸ್ಕಾಂತದ ಸೆಳೆತವನ್ನು ಅಳೆಯುವ ಯಂತ್ರವನ್ನು ಹಿಡಿದು ನೆಲದ ಮೇಲೆ ಗೆರೆಗೆರೆಯಾಗಿ ನಡೆದರೆ, ಹೊದಿಕೆಯ ಅಡಿಯಲ್ಲಿ ಎಲ್ಲಿ ಕಬ್ಬಿಣವಿದೆಯೋ ಅಲ್ಲಿ ಮುಳ್ಳು ಕದಲುತ್ತದೆ. ಕದಲಿದ ಕಡೆ ಕೊಳವೆ ಇಳಿಸಿ ಕೊರೆದು, ಕಡ್ಡಿಯಂಥ ಕಲ್ಲಿನ ತುಂಡುಗಳನ್ನು ಮೇಲಕ್ಕೆ ತೆಗೆದು, ಅಡಿಯಡಿಗೂ ತಾಮ್ರವನ್ನು ಅಳೆಯುತ್ತಾರೆ. ಒಂದು ಕೊರೆತವಲ್ಲ, ನೂರಾರು. ಹೀಗೆ ತಿಳಿದುಬಂದಿತು, ಹಳಬರು ಅಷ್ಟಾಗಿ ಎಣಿಸದಿದ್ದ 'ಲಿಟಲ್ ಚೀಫ್' ಎಂಬ ಹಕ್ಕಿನ ಅಡಿಯಲ್ಲಿಯೇ ಇಡೀ ಪಟ್ಟಿಯ ಅತಿ ದೊಡ್ಡ ಗಂಟು ಇದೆಯೆಂದು.

ನ್ಯೂ ಇಂಪೀರಿಯಲ್ ಎಂಬ ಕಂಪೆನಿಯು 1967ರಲ್ಲಿ ತೆರೆದ ಹೊಂಡಗಳಲ್ಲಿ ಅದಿರು ತೆಗೆಯಲು ಮೊದಲುಮಾಡಿತು. ಈ ಸಲ ಸಿಪ್ಪೆಸಮೇತ ತೆಂಗಿನಕಾಯಿ ಸಾಗಿಸುವ ಮೂರ್ಖತನವಿರಲಿಲ್ಲ. ಅದಿರನ್ನು ಅಲ್ಲಿಯೇ ಹಿಟ್ಟು ಮಾಡಿ, ನೀರಿನಲ್ಲಿ ಕದಡಿ, ಸ್ವಲ್ಪ ಔಷಧ ಹಾಕಿ, ಗಾಳಿ ಊದುತ್ತಾರೆ. ತಾಮ್ರದ ಕಣಗಳು ನೊರೆಗೆ ಅಂಟಿಕೊಂಡು ಮೇಲೇರುತ್ತವೆ. ಬರಿಗಲ್ಲಿನ ಹಿಟ್ಟು ತಳಕ್ಕೆ ಇಳಿಯುತ್ತದೆ. ಬೆಲ್ಲದ ಪಾಕ ಕುದಿಯುವಾಗ ಮೇಲೆ ಬಂದ ನೊರೆಯನ್ನು ನಾವು ಸೌಟಿನಿಂದ ತೆಗೆದು ಚೆಲ್ಲುತ್ತೇವೆ; ಇಲ್ಲಿ ನೊರೆಯೇ ಧನ, ಪಾಕವೇ ಚರಟ. ಹೀಗೆ ಸಾಂದ್ರವಾದ ಸರಕನ್ನು ಮಾತ್ರ ರೈಲಿಗೆ ಹೇರಿ ಜಪಾನಿಗೆ ಕಳುಹಿಸಿದರು. ನೂರಕ್ಕೆ ಒಂದೂವರೆ ಪಾಲಿನ ಬಡ ಅದಿರು, ಮೆಕಿಂಟೈರನ ನಲವತ್ತು ಪಾಲಿನ ಅದಿರಿಗಿಂತ ಹೆಚ್ಚು ಅನ್ನ ಹಾಕಿತು! ಆದರೂ 1971ರಲ್ಲಿ ಕೆಲಸ ನಿಂತಿತು. 1972ರಲ್ಲಿ ಬೇರೆ ಹೆಸರಿನಿಂದ, ಈ ಬಾರಿ ಲಿಟಲ್ ಚೀಫಿನ ಸುರಂಗದೊಳಗೆ, ಮರಳಿ ನಡೆಯಿತು. 1982ರ ಕೊನೆಯಲ್ಲಿ ಬೆಲೆಯೂ ಕುಸಿದು ಅದಿರೂ ತೀರುತ್ತ 'ಶುಭಂ' ಆಯಿತು.

1900ರಿಂದ 1982ರ ತನಕ ಈ ಪಟ್ಟಿಯೆಲ್ಲ ಸೇರಿ ಕೊಟ್ಟುದು ಸುಮಾರು ಒಂದು ಕೋಟಿ ಟನ್ನು ಅದಿರು, ಅದರಿಂದ ಸುಮಾರು 1,20,000 ಟನ್ನು ತಾಮ್ರ, ಜತೆಗೆ ಏಳು ಟನ್ನಿನಷ್ಟು ಬಂಗಾರ. ದೊಡ್ಡ ಸಂಖ್ಯೆಯೆಂದು ತೋರಬಹುದು. ಚಿಲಿ ದೇಶದ ಎಸ್ಕೊಂಡಿಡಾ ಎಂಬ ಒಂದೇ ಗಣಿಯು ವರ್ಷಕ್ಕೆ ಹತ್ತು ಲಕ್ಷ ಟನ್ನು ತಾಮ್ರ ತೆಗೆಯುತ್ತದೆ. ಅದರ ಲೆಕ್ಕದಲ್ಲಿ ವೈಟ್‌ಹಾರ್ಸಿನ ಎಂಬತ್ತೆರಡು ವರ್ಷಗಳ ದುಡಿಮೆ ಒಂದೂವರೆ ತಿಂಗಳ ಕೆಲಸ. ಅದರಲ್ಲಿಯೂ ಬಹುಪಾಲು ಒಂದೆರಡು ಗಂಟುಗಳಿಂದ ಬಂದುದು. 'ಬೆಸ್ಟ್ ಚಾನ್ಸ್' ಆಗಲಿ 'ಮೊಲದ ಪಾದ'ವಾಗಲಿ ಯಾರನ್ನೂ ಉದ್ಧಾರ ಮಾಡಲಿಲ್ಲ.

ಈಗ ಆ ಗುಡ್ಡಗಳಲ್ಲಿ ಜನ ಚಳಿಗಾಲದಲ್ಲಿ ಹಿಮದ ಮೇಲೆ ಜಾರಾಟವಾಡುತ್ತಾರೆ. ಹಳೆಯ ಗಣಿಯ ನೆನಪಿಗೆ ಒಂದು ವಸ್ತುಸಂಗ್ರಹಾಲಯವಿದೆ. ಇತ್ತೀಚಿನ ವರ್ಷಗಳಲ್ಲಿ ತಾಮ್ರಕ್ಕೆ ಮತ್ತೆ ಬೇಡಿಕೆ ಏರಿದ್ದರಿಂದ ಕೊರೆಯುವ ಯಂತ್ರಗಳು ಪುನಃ ಬಂದಿವೆ. ಮನೆಯ ಹಿತ್ತಿಲಲ್ಲಿ ಗಣಿ ಬೇಡವೆನ್ನುವವರ ಆಕ್ಷೇಪಗಳೂ ಎದ್ದಿವೆ. ಇನ್ನು ಸ್ಯಾಮ್ ಮೆಗೀಯ ವಾರ್ ಈಗಲ್? ವೈಟ್‌ಹಾರ್ಸ್ ನಗರದ ಕಸವನ್ನೆಲ್ಲ ಹೂಳುವ ತಾಣಕ್ಕೆ ಅಲ್ಲಿಯವರು ಇಟ್ಟಿರುವ ಹೆಸರು 'ವಾರ್ ಈಗಲನ ಮಗ'.

ಹುಡುಗನು ಇದನ್ನೆಲ್ಲ ಕೇಳಿಕೊಂಡು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, "ಹಾಗಾದರೆ ಅಣ್ಣನಿಗೆ ಏನೆಂದು ಬರೆಯಲಿ?" ಎಂದನು. ಎರಡು ವಿಷಯ ಬರೆಯುವಂತೆ ಹೇಳಿದೆವು. ಯೂಕಾನಿನ ಗೂಟದ ಕಾನೂನು ನಮ್ಮಲ್ಲಿಲ್ಲ. ಹೊಲ ಕೊಂಡವನಿಗೆ ಅದರ ಅಡಿಯ ತಾಮ್ರವನ್ನು ತೋಡುವ ಅಧಿಕಾರ ತಾನಾಗಿ ಬರುವುದಿಲ್ಲ. 1957ರ ಗಣಿ ಕಾಯಿದೆಯ ಪ್ರಕಾರ ಸರ್ಕಾರದ ಗುತ್ತಿಗೆ ಬೇಕು, 2015ರ ತಿದ್ದುಪಡಿಯ ಮೇಲೆ ಅದನ್ನು ಹರಾಜಿನಲ್ಲಿ ಕೊಡುತ್ತಾರೆ. ಎರಡೆಕರೆಯ ರೈತನು ಆ ಹರಾಜಿನಲ್ಲಿ ಕೂಗುವುದು ಸಾಧ್ಯವಿಲ್ಲ. ಎರಡನೆಯದಾಗಿ, ಕಲ್ಲನ್ನು ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಒಯ್ದು ತೋರಿಸಲಿ. ದಲ್ಲಾಳಿಯನ್ನೂ ಜತೆಗೆ ಕರೆದುಕೊಂಡು ಹೋಗಲಿ.

ಮೊನ್ನೆ ಅವನು ಮತ್ತೆ ಬಂದಿದ್ದನು. ಕಚೇರಿಗೆ ಬರಲು ದಲ್ಲಾಳಿಗೆ ಪುರುಸೊತ್ತಾಗಲಿಲ್ಲವಂತೆ. ಹಣ ಬ್ಯಾಂಕಿನಲ್ಲಿಯೇ ಇದೆ. ಕಲ್ಲನ್ನು ಅವನು ಹಿಂದಕ್ಕೆ ಒಯ್ಯಲಿಲ್ಲ. ಈ ಲೇಖನವನ್ನು ಬರೆಯುತ್ತಿರುವಾಗ ಪಂಖದ ಗಾಳಿಗೆ ಹಾಳೆಗಳು ಹಾರದಂತೆ ಅದನ್ನೇ ಹೇರಿಟ್ಟುಕೊಂಡಿದ್ದೇವೆ.